ಮಂಡಿ ಸವೆತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನಕ್ಕೆ ಮಂಡಿ ನೋವು. ಅವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಮ್ಮಿ ಅವೇ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಮಂಡಿ ನೋವಿಗೆ ಚಿಕಿತ್ಸೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಯಾವುದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ, ಏನು ಗೊತ್ತಾಗಿದೆ ಅನ್ನುವುದು ಮಾತ್ರ ರೋಗಿಗಳವರೆಗೆ ಬರುವುದೇ ಇಲ್ಲ. ವ್ಯಾಯಾಮ ಹೇಳಿಕೊಡುವುದೇ ನನ್ನ ಕೆಲಸ. ಹಾಗಾಗಿ ನಾನು ಅದರ ಪರವಾಗಿ ಮಾತಾಡುತ್ತೇನೆ ಅಂತ ನಿಮಗೆ ಅನುಮಾನ ಬಂದರೆ ಅದು ನ್ಯಾಯವೇ. ನನ್ನ ವೃತ್ತಿಗೆ ಅನುಕೂಲವಲ್ಲದ ಫಲಿತಾಂಶವನ್ನೂ ಇಲ್ಲಿ ಬಿಟ್ಟಿಲ್ಲ.

ಮಂಡಿ ಸವೆತ ಅಂದರೆ ಒಳಗೆ ನಿಜವಾಗಿ ಏನಾಗಿರುತ್ತದೆ?

ತೊಡೆ ಮೂಳೆ ಮತ್ತು ಕಾಲಿನ ಮೂಳೆ ಸೇರುವ ಕಡೆ ಎರಡರ ತುದಿಗೂ ನುಣುಪಾದ ಹೊದಿಕೆ ಇರುತ್ತದೆ. ಅದೇ ಕಾರ್ಟಿಲೇಜ್. ಎಳನೀರಿನ ಗಟ್ಟಿ ಗಂಜಿಯ ಹಾಗೆ ಬೆಳ್ಳಗೆ, ಜಾರುವ ಹಾಗೆ ಇರುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನದಿಂದ ಬಂದ ಗುಣ, ಹೀಗೆ ಹಲವು ಕಾರಣ ಸೇರಿ ಅದು ತೆಳುವಾಗುತ್ತದೆ. ಇದಕ್ಕೆ ಆಸ್ಟಿಯೋಆರ್ಥ್ರೈಟಿಸ್ ಅನ್ನುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಾರ್ಟಿಲೇಜ್‌ಗೆ ನರವೇ ಇಲ್ಲ. ಅಂದರೆ ಅದು ಸವೆದರೆ ಅದಕ್ಕೇ ನೋವಾಗುವುದಿಲ್ಲ. ನೋವು ಬರುವುದು ಕೀಲಿನ ಒಳಪೊರೆಯ ಊತದಿಂದ, ಕೆಳಗಿನ ಮೂಳೆಯಿಂದ, ಸುತ್ತಲಿನ ಸ್ನಾಯು ಮತ್ತು ನರಗಳಿಂದ. ಹಾಗಾಗಿ 'ಎಷ್ಟು ಸವೆದಿದೆಯೋ ಅಷ್ಟು ನೋವು' ಅನ್ನುವ ಲೆಕ್ಕ ಸರಿ ಬರುವುದಿಲ್ಲ. ಈ ಪುಟದಲ್ಲಿ ಮುಂದೆ ಬರುವ ಎಷ್ಟೋ ಮಾತು ಇದರ ಮೇಲೇ ನಿಂತಿದೆ.

'ಗ್ರೀಸ್ ಮುಗಿದಿದೆ' ಅಂದರು. ಗ್ರೀಸ್ ಮತ್ತೆ ತುಂಬಿಸಬಹುದಾ?

ಈ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಮಂಡಿ ಗಾಡಿಯ ಚಕ್ರ ಅಲ್ಲ. ಸವೆತ ಇರುವ ಮಂಡಿಯಲ್ಲಿ ಎಷ್ಟೋ ಸಲ ಕೀಲಿನ ನೀರು ಕಮ್ಮಿ ಆಗಿರುವುದಿಲ್ಲ, ಜಾಸ್ತಿಯೇ ಆಗಿರುತ್ತದೆ. ಮಂಡಿ ಊದಿಕೊಳ್ಳುವುದು ಅದಕ್ಕೇ. ಆ ನೀರು ತೆಳ್ಳಗಾಗಿರುತ್ತದೆ ಅನ್ನುವುದು ಮಾತ್ರ ನಿಜ.

ಐವತ್ತೆಂಟು ವರ್ಷದ ಒಬ್ಬರು ಅಮ್ಮ ನನ್ನ ಹತ್ತಿರ ಬಂದಿದ್ದರು. ಯಾರೋ 'ಗ್ರೀಸ್ ಖಾಲಿ' ಅಂದರಂತೆ. ಉಳಿದಿರುವುದನ್ನಾದರೂ ಉಳಿಸಿಕೊಳ್ಳೋಣ ಅಂತ ಎರಡು ವರ್ಷ ಮೆಟ್ಟಿಲು ಹತ್ತಿರಲಿಲ್ಲ, ದೇವಸ್ಥಾನಕ್ಕೂ ಹೋಗಿರಲಿಲ್ಲ. ಅವರು ಬರುವ ಹೊತ್ತಿಗೆ ತೊಡೆಯ ಸ್ನಾಯು ಕೈಯಲ್ಲಿ ಹಿಡಿದರೆ ಸಿಗದಷ್ಟು ಸೊರಗಿತ್ತು. ಮಂಡಿಗಿಂತ ಜಾಸ್ತಿ ತೊಂದರೆ ಮಾಡಿದ್ದು ಆ ಒಂದು ಮಾತು.

ಮಂಡಿ ಕಟಕಟ ಅನ್ನುತ್ತದೆ. ಮೂಳೆ ಉಜ್ಜುತ್ತಿದೆಯಾ?

ನೋವು, ಊತ ಇಲ್ಲದಿದ್ದರೆ ಬರೀ ಶಬ್ದಕ್ಕೆ ಹೆದರಬೇಡಿ. ಆರೋಗ್ಯವಾಗಿರುವ ಮಂಡಿಯೂ ಶಬ್ದ ಮಾಡುತ್ತದೆ.

ಎಕ್ಸ್‌ರೇಯಲ್ಲಿ ಗ್ರೇಡ್ 3 ಬಂದಿದೆ. ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಅಂತಿದೆ. ಗಾಬರಿ ಆಗಿದೆ.

ಈ ಗ್ರೇಡ್ ಲೆಕ್ಕ 1957ರದ್ದು. ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವವರು ಎಕ್ಸ್‌ರೇ ನೋಡಿ 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ ತಂದರು. ಅದು ಚಿತ್ರಕ್ಕೆ ಕೊಡುವ ಅಂಕ. ಗ್ರೇಡ್ 3 ಇದ್ದೂ ಗದ್ದೆ ಕೆಲಸ ಮಾಡುವವರನ್ನು ನೋಡಿದ್ದೇನೆ. ಗ್ರೇಡ್ 1ಕ್ಕೇ ಕಣ್ಣೀರಿಡುವವರನ್ನೂ ನೋಡಿದ್ದೇನೆ. ಇಬ್ಬರ ನೋವೂ ನಿಜವೇ.

ಮೆನಿಸ್ಕಸ್ ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ 991 ಜನರನ್ನು ರೋಗಿಗಳು ಅಂತ ಆರಿಸದೆ ಹಾಗೇ ಕರೆತಂದು ಎಂಆರ್‌ಐ ಮಾಡಿದರು. ಫಲಿತಾಂಶ 2008ರಲ್ಲಿ ಬಂತು. ಮೆತ್ತೆ ಹರಿದಿದ್ದವರಲ್ಲಿ ನೂರಕ್ಕೆ 61 ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ವಯಸ್ಸಾದ ಮೇಲೆ ಮೆತ್ತೆ ಹರಿಯುವುದು ಕೂದಲು ನರೆತ ಹಾಗೆ. ನಿಮಗೆ ನೋವಿದೆ, ಎಂಆರ್‌ಐನಲ್ಲಿ ಹರಿದಿರುವುದೂ ಕಂಡಿದೆ, ಸರಿ. ಆದರೆ ಆ ನೋವು ಅದರಿಂದಲೇ ಬಂತು ಅಂತ ಹೇಳಲು ಅಷ್ಟು ಸಾಲದು.

ಹಾಗಾದರೆ ಕೀಹೋಲ್ ಆಪರೇಷನ್ ಮಾಡಿಸಿ ತೊಳೆಸಿಕೊಂಡರೆ?

ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರ ಕೊಡುತ್ತೇನೆ. ನನ್ನ ಮಟ್ಟಿಗೆ ಮೂಳೆ ಕೀಲುಗಳ ಸಂಶೋಧನೆಯಲ್ಲೇ ಇದು ಬಹಳ ಮುಖ್ಯವಾದ ಕಥೆ.

ಮಂಡಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಒಳಗೆ ನೀರು ಹಾಯಿಸಿ ತೊಳೆದು, ಒರಟಾದ ಕಡೆ ಕೆರೆದು ನುಣುಪು ಮಾಡುವುದು ಒಂದು ಕಾಲಕ್ಕೆ ತುಂಬ ಚಾಲ್ತಿಯಲ್ಲಿತ್ತು. ಮಾಡಿಸಿಕೊಂಡವರು 'ಆರಾಮಾಯ್ತು' ಅನ್ನುತ್ತಿದ್ದರು. ಡಾಕ್ಟರುಗಳೂ ಕಣ್ಣಾರೆ ನೋಡಿ ನಂಬಿದ್ದರು. ಹ್ಯೂಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಬ್ರೂಸ್ ಮೋಸ್ಲಿ ಅನ್ನುವ ಸರ್ಜನ್ ಮತ್ತು ಅವರ ತಂಡದವರು ಇದನ್ನು ಪರೀಕ್ಷೆ ಮಾಡಲು ಹೊರಟರು. 180 ರೋಗಿಗಳು. ಅವರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ತೊಳೆತ. ಇನ್ನೊಂದಕ್ಕೆ ತೊಳೆದು ಕೆರೆಯುವುದು. ಮೂರನೆಯದಕ್ಕೆ ಹುಸಿ ಆಪರೇಷನ್: ಚರ್ಮಕ್ಕೆ ಮೂರು ಕಡೆ ಸಣ್ಣದಾಗಿ ಕುಯ್ದರು, ಉಪಕರಣ ಕೇಳಿದರು, ಕಾಲು ಆಡಿಸಿದರು, ನೀರಿನ ಸದ್ದು ಮಾಡಿದರು, ಹೊಲಿದರು. ಕೀಲಿನ ಒಳಗೆ ಏನೂ ಮಾಡಲಿಲ್ಲ. ಯಾರಿಗೆ ಯಾವುದು ಅಂತ ಸರ್ಜನ್‌ಗೂ ಆಪರೇಷನ್ ಕೋಣೆಯಲ್ಲಿ ಲಕೋಟೆ ಒಡೆದಾಗಲೇ ಗೊತ್ತಾಗುತ್ತಿತ್ತು. 'ನನಗೆ ಹುಸಿ ಆಪರೇಷನ್ ಆಗಬಹುದು' ಅಂತ ರೋಗಿಗಳು ಮೊದಲೇ ತಮ್ಮ ಕೈಯಾರೆ ಬರೆದುಕೊಟ್ಟಿದ್ದರು.

ಎರಡು ವರ್ಷ ಅವರನ್ನು ನೋಡುತ್ತಾ ಬಂದರು. ಫಲಿತಾಂಶ 2002ರಲ್ಲಿ ಬಂತು. ನಿಜವಾದ ಆಪರೇಷನ್ ಆದವರು ಹುಸಿಯವರಿಗಿಂತ ಯಾವ ಹಂತದಲ್ಲೂ ಮೇಲಿರಲಿಲ್ಲ. ನೋವಿನಲ್ಲೂ ಇಲ್ಲ, ನಡಿಗೆಯಲ್ಲೂ ಇಲ್ಲ.

ಸವೆತ ಇಲ್ಲದೆ ಮೆತ್ತೆ ಮಾತ್ರ ಹರಿದವರ ಕಥೆ ಬೇರೆ ಇರಬಹುದು ಅಂತ ಆಗ ವಾದ ಎದ್ದಿತು. ಫಿನ್ಲೆಂಡಿನವರು ಅಂಥ 146 ಜನರ ಮೇಲೆ ಇದೇ ರೀತಿ ಹುಸಿ ಆಪರೇಷನ್ ಇಟ್ಟು ನೋಡಿದರು. ಅದು 2013ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಅಲ್ಲೂ ವ್ಯತ್ಯಾಸ ಇಲ್ಲ. ಇಂಥ ಪುರಾವೆಗಳನ್ನೆಲ್ಲ ಸೇರಿಸಿ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ತಜ್ಞರ ತಂಡ ಖಡಾಖಂಡಿತವಾಗಿ ಹೇಳಿತು: ವಯಸ್ಸಿನ ಸವೆತಕ್ಕೆ ಈ ಆಪರೇಷನ್ ಬೇಡ.

ಆಟದಲ್ಲಿ ಪೆಟ್ಟು ಬಿದ್ದು ಲಿಗಮೆಂಟ್ ಹರಿದ ಹುಡುಗರ ವಿಷಯ ಬೇರೆ. ಅದನ್ನು ಇದರ ಜೊತೆ ಸೇರಿಸಬೇಡಿ.

ಏನೂ ಮಾಡದೆ ನೋವು ಹೇಗೆ ಕಮ್ಮಿ ಆಯಿತು? ಅವರಿಗೆ ನೋವೇ ಇರಲಿಲ್ಲವಾ?

ಇತ್ತು. ಸವೆತದ ನೋವು ಏರಿಳಿಯುತ್ತಾ ಇರುತ್ತದೆ. ಮಳೆಗಾಲದ ಹೊಳೆಯ ಹಾಗೆ, ಏರಿದ್ದು ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ತಡೆಯಲಾರದಷ್ಟು ನೋವಾದಾಗ ಅಲ್ವಾ? ಆಮೇಲೆ ಏನೇ ಮಾಡಿದರೂ, ಇಳಿದ ಪುಣ್ಯವೆಲ್ಲ ಆ ಚಿಕಿತ್ಸೆಗೇ ಹೋಗುತ್ತದೆ. ಜೊತೆಗೆ, ಯಾರೋ ನಮ್ಮನ್ನು ಗಮನವಿಟ್ಟು ನೋಡಿಕೊಂಡರು ಅನ್ನುವ ನೆಮ್ಮದಿಯೂ ನೋವನ್ನು ನಿಜವಾಗಿಯೇ ತಗ್ಗಿಸುತ್ತದೆ. ಹಾಗಾಗಿ ಯಾರಾದರೂ 'ಇದರಿಂದ ನೂರಕ್ಕೆ ಅರವತ್ತು ಜನಕ್ಕೆ ಗುಣ ಆಗಿದೆ' ಅಂದರೆ ಒಂದೇ ಪ್ರಶ್ನೆ ಕೇಳಿ: ಯಾವುದಕ್ಕೆ ಹೋಲಿಸಿ ನೋಡಿದ್ದು?

ಗ್ಲುಕೋಸಮಿನ್ ಮಾತ್ರೆ ತಗೊಳ್ಳಬಹುದಾ?

ಈಗ ಹೇಳಿದ ಆ ಅರವತ್ತು ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಅಮೆರಿಕ ಸರ್ಕಾರದ ಹಣದಲ್ಲಿ 1,583 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಫಲಿತಾಂಶ ಬಂದಿದ್ದು 2006ರಲ್ಲಿ. ಗ್ಲುಕೋಸಮಿನ್, ಕಾಂಡ್ರಾಯ್ಟಿನ್ (ಎರಡೂ ಕಾರ್ಟಿಲೇಜ್‌ಗೆ ಒಳ್ಳೆಯದು ಅಂತ ಮಾರುವ ಮಾತ್ರೆಗಳು), ಎರಡೂ ಸೇರಿಸಿ, ಒಂದು ನೋವಿನ ಮಾತ್ರೆ, ಮತ್ತು ಔಷಧವೇ ಇಲ್ಲದ ಹುಸಿ ಮಾತ್ರೆ. ಆರು ತಿಂಗಳಲ್ಲಿ ಹುಸಿ ಮಾತ್ರೆ ತೆಗೆದುಕೊಂಡವರಲ್ಲೇ ನೂರಕ್ಕೆ 60 ಜನಕ್ಕೆ ಹೇಳಿಕೊಳ್ಳುವಷ್ಟು ನೋವು ಇಳಿದಿತ್ತು! ಒಟ್ಟಾರೆ ಲೆಕ್ಕದಲ್ಲಿ ಗ್ಲುಕೋಸಮಿನ್ ಮತ್ತು ಕಾಂಡ್ರಾಯ್ಟಿನ್ ಅದಕ್ಕಿಂತ ಮೇಲೆ ಬರಲಿಲ್ಲ. ನೋವಿನ ಮಾತ್ರೆ ಬಂತು, ಸುಮಾರು 70. ತುಂಬ ನೋವಿದ್ದ ಒಂದು ಚಿಕ್ಕ ಗುಂಪಿನಲ್ಲಿ ಎರಡೂ ಸೇರಿಸಿ ಕೊಟ್ಟಾಗ ಲಾಭ ಕಂಡಿತು. ಆದರೆ ಅಷ್ಟು ಚಿಕ್ಕ ಗುಂಪಿನ ಮೇಲೆ ತೀರ್ಮಾನ ಕಟ್ಟಲಾಗದು. ತಿಂಗಳ ಸಾಮಾನಿನ ಹಣ ಕಡಿದು ಈ ಮಾತ್ರೆ ತರುವವರನ್ನು ನೋಡಿದ್ದೇನೆ. ಆ ಹಣಕ್ಕೆ ಒಂದು ಒಳ್ಳೆಯ ಚಪ್ಪಲಿ ಬರುತ್ತದೆ, ಬೇಳೆ ಕಾಳು ಬರುತ್ತದೆ.

ಮಂಡಿಗೆ ಇಂಜೆಕ್ಷನ್?

ಇದರಲ್ಲಿ ಹಲವು ಬಗೆ. ಯಾವುದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ.

ಸ್ಟೀರಾಯ್ಡ್ ಸೂಜಿ ಊತ, ನೋವನ್ನು ಕೆಲವು ವಾರ ಚೆನ್ನಾಗಿ ಇಳಿಸುತ್ತದೆ. ಮಗಳ ಮದುವೆಯಲ್ಲಿ ಓಡಾಡಬೇಕು ಅನ್ನುವಂಥ ಸಮಯಕ್ಕೆ ಒಂದು ಸಲ ಹಾಕಿಸಿಕೊಂಡರೆ ತಪ್ಪೇನಿಲ್ಲ. ಮತ್ತೆ ಮತ್ತೆ ಬೇಡ. ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಅಥವಾ ಹುಸಿ ಸೂಜಿಯಾಗಿ ಬರೀ ಉಪ್ಪುನೀರು ಚುಚ್ಚಿ ನೋಡಿದ ಪ್ರಯೋಗ 2017ರಲ್ಲಿ ಬಂತು, 140 ಜನರದ್ದು. ಕೊನೆಗೆ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಕಾರ್ಟಿಲೇಜ್ ಮಾತ್ರ ಸ್ಟೀರಾಯ್ಡ್ ಗುಂಪಿನಲ್ಲಿ ಜಾಸ್ತಿ ಸವೆದಿತ್ತು.

'ಗ್ರೀಸ್ ಇಂಜೆಕ್ಷನ್' ಅನ್ನುವುದು ಹೈಯಲುರಾನಿಕ್ ಆಸಿಡ್. ಹತ್ತಾರು ಪ್ರಯೋಗಗಳನ್ನು ಕೂಡಿಸಿ 2022ರಲ್ಲಿ ಮಾಡಿದ ಲೆಕ್ಕದಲ್ಲಿ ಉಪ್ಪುನೀರಿಗಿಂತ ಇದರ ಲಾಭ ರೋಗಿಗೆ ಗೊತ್ತೇ ಆಗದಷ್ಟು ಸಣ್ಣದು. ಇದರ ಬೆಲೆಯೋ, ನಿಮಗೇ ಗೊತ್ತು.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ಮಂಡಿಗೆ ಚುಚ್ಚುವುದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಇದನ್ನು ಉಪ್ಪುನೀರಿನ ಎದುರು ಇಟ್ಟು ಒಂದು ವರ್ಷ ನೋಡಿದರು. ಫಲಿತಾಂಶ 2021ರಲ್ಲಿ ಬಂತು. ನೋವಿನಲ್ಲೂ ಇಲ್ಲ, ಕಾರ್ಟಿಲೇಜ್‌ನಲ್ಲೂ ಇಲ್ಲ, ಯಾವ ಲಾಭವೂ ಕಾಣಲಿಲ್ಲ. ಲಾಭ ಕಂಡಿದೆ ಅನ್ನುವ ಸಣ್ಣ ಪ್ರಯೋಗಗಳೂ ಇವೆ. ನಾನು ಮಾತ್ರ ನನ್ನ ಮನೆಯವರಿಗೆ ಇದಕ್ಕೆ ಹಣ ಹಾಕಿ ಅನ್ನುವುದಿಲ್ಲ.

ಸ್ಟೆಮ್ ಸೆಲ್ ಹಾಕಿದರೆ ಹೊಸ ಕಾರ್ಟಿಲೇಜ್ ಬೆಳೆಯುತ್ತದಂತೆ?

ಆಸೆ ದೊಡ್ಡದು, ಪುರಾವೆ ಇನ್ನೂ ಚಿಕ್ಕದು. ಅಮೆರಿಕದಲ್ಲಿ ಸುಮಾರು 475 ಜನರ ಮೇಲೆ ಮೂರು ಬಗೆಯ ಜೀವಕೋಶಗಳನ್ನು ಸಾಮಾನ್ಯ ಸ್ಟೀರಾಯ್ಡ್ ಸೂಜಿಗೆ ಹೋಲಿಸಿ ನೋಡಿದರು. ಇದು 2023ರ ಮಾತು. ಒಂದು ವರ್ಷದ ನಂತರ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲಿರಲಿಲ್ಲ.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮೂಳೆಮಜ್ಜೆಯಿಂದ ತಯಾರಿಸಿದ ಕೋಶಗಳಿಗೆ 2022ರಲ್ಲಿ ಭಾರತದ ಔಷಧ ನಿಯಂತ್ರಕರಿಂದ ಒಪ್ಪಿಗೆ ಸಿಕ್ಕಿತು. ಅವರ 146 ಜನರ ಪ್ರಯೋಗದಲ್ಲಿ ಹುಸಿ ಸೂಜಿಗಿಂತ ನೋವು ಕಮ್ಮಿ ಆಗಿತ್ತು. ಸಂತೋಷದ ವಿಷಯ. ಆದರೆ ಮಾರುವವರಲ್ಲದ ಬೇರೆಯವರು, ಇನ್ನೂ ಹೆಚ್ಚು ಜನರ ಮೇಲೆ ಇದನ್ನು ಮಾಡಿ ತೋರಿಸಬೇಕು. ಒಪ್ಪಿಗೆ ಸಿಕ್ಕಿದ್ದು ಆ ಒಂದು ಔಷಧಕ್ಕೆ. ಗಲ್ಲಿ ಗಲ್ಲಿಯಲ್ಲಿ 'ಸ್ಟೆಮ್ ಸೆಲ್' ಬೋರ್ಡ್ ಹಾಕಿದವರಿಗೆಲ್ಲ ಅಲ್ಲ.

ಇನ್ನೊಂದು ಮಾತು. ಸ್ಪ್ರಿಫರ್ಮಿನ್ ಅನ್ನುವ ಔಷಧವನ್ನು 549 ಜನರ ಮಂಡಿಗೆ ಚುಚ್ಚಿ ನೋಡಿದಾಗ ಕಾರ್ಟಿಲೇಜ್ ನಿಜವಾಗಿಯೂ ಕೂದಲೆಳೆಯಷ್ಟು ದಪ್ಪ ಆಯಿತು. ನೋವು ಮಾತ್ರ ಹುಸಿ ಸೂಜಿಯವರಿಗಿಂತ ಕಮ್ಮಿ ಆಗಲಿಲ್ಲ. ನರ ಇಲ್ಲದ ಕಡೆ ರಿಪೇರಿ ಮಾಡಿದರೆ ನೋವು ಹೋಗಲೇಬೇಕು ಅಂತೇನಿಲ್ಲ.

ನೋವಿನ ಮಾತ್ರೆ ದಿನಾ ನುಂಗಬಹುದಾ?

ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್ ಪ್ರಯತ್ನಿಸಿ. ಮಂಡಿ ಚರ್ಮಕ್ಕೆ ಹತ್ತಿರ ಇರುವ ಕೀಲು, ಹಾಗಾಗಿ ಅದು ಕೆಲಸ ಮಾಡುತ್ತದೆ. ನುಂಗುವ ಮಾತ್ರೆಗಿಂತ ಹೊಟ್ಟೆಗೆ ಸುರಕ್ಷಿತ. ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ. ಕಿಡ್ನಿ, ಹೊಟ್ಟೆ ಹುಣ್ಣು, ಹೃದಯ, ಬಿಪಿ ತೊಂದರೆ ಇದ್ದವರಂತೂ ಮುಟ್ಟಲೇಬೇಡಿ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ 'ಮೂರು ದಿನದಲ್ಲಿ ನೋವು ಮಾಯ' ಅಂತ ಹೆಸರಿಲ್ಲದ ಪುಡಿ ಮಾರುತ್ತಾರೆ. ಇಂಥವುಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಪೊಳ್ಳಾಗುವುದು ಅದರಿಂದಲೇ. ಈಗಾಗಲೇ ತಿಂಗಳುಗಟ್ಟಲೆ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಹಾಗಾದರೆ ಕೆಲಸ ಮಾಡುವುದು ಯಾವುದು?

ತೊಡೆಯ ಸ್ನಾಯು ಗಟ್ಟಿ ಮಾಡುವುದು, ಮತ್ತು ತೂಕ ಜಾಸ್ತಿ ಇದ್ದರೆ ಇಳಿಸುವುದು.

ಅಮೆರಿಕದ ಸೈನ್ಯದ ಆಸ್ಪತ್ರೆಗಳಲ್ಲಿ 156 ಜನರಲ್ಲಿ ಅರ್ಧ ಜನಕ್ಕೆ ಫಿಸಿಯೋಥೆರಪಿ, ಇನ್ನರ್ಧಕ್ಕೆ ಸ್ಟೀರಾಯ್ಡ್ ಸೂಜಿ ಕೊಟ್ಟರು. ಒಂದು ವರ್ಷದ ನಂತರ ಫಿಸಿಯೋಥೆರಪಿಯವರೇ ಚೆನ್ನಾಗಿದ್ದರು. ಇದು 2020ರದ್ದು. ಡೆನ್ಮಾರ್ಕ್‌ನಲ್ಲಿ 2013ರಿಂದ ವಾರಕ್ಕೆ ಎರಡು ಸಲದಂತೆ ಆರು ವಾರದ ಗುಂಪು ವ್ಯಾಯಾಮ ನಡೆಸುತ್ತಿದ್ದಾರೆ. ಅದು ಬೇರೆ ಎಷ್ಟೋ ದೇಶಗಳಿಗೆ ಹಬ್ಬಿದೆ.

ಈಗ ನನಗೆ ಅನುಕೂಲವಲ್ಲದ ಮಾತು. ಪ್ರಯೋಗಗಳನ್ನೆಲ್ಲ ಜಾಲಾಡಿ ಕೂಡಿಸುವ ಕೊಕ್ರೇನ್ ಸಂಸ್ಥೆ 2024ರಲ್ಲಿ ಮತ್ತೆ ಲೆಕ್ಕ ಹಾಕಿತು. ವ್ಯಾಯಾಮದಿಂದ ಲಾಭ ಇದೆ, ಆದರೆ ಸರಾಸರಿ ಲಾಭ ನಾವು ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ, ಕೆಲವರಿಗೆ ಅದು ಗೊತ್ತಾಗದೆಯೂ ಇರಬಹುದು ಅಂತ ಬಂತು. ಓದಿದಾಗ ನನಗೆ ಕಷ್ಟವಾಯಿತು. ಆದರೂ ನಾನು ವ್ಯಾಯಾಮವನ್ನೇ ಮೊದಲು ಹೇಳುತ್ತೇನೆ. ಹಾನಿ ತೀರ ಕಮ್ಮಿ, ಖರ್ಚು ಇಲ್ಲ, ಸಕ್ಕರೆ, ಬಿಪಿ, ನಿದ್ದೆಗೂ ಒಳ್ಳೆಯದು. ಬೀಳುವುದೂ ತಪ್ಪುತ್ತದೆ. ಅರವತ್ತು ದಾಟಿದವರಿಗೆ ಇದು ಸಣ್ಣ ವಿಷಯವಲ್ಲ.

ಶುರು ಮಾಡುವುದು ಹೀಗೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೂತು, ನಿಧಾನಕ್ಕೆ ಏಳಿ, ಇನ್ನೂ ನಿಧಾನಕ್ಕೆ ಕೂರಿ. ಹತ್ತು ಸಲ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಕೈ ಊರಿ. ಸುಲಭವಾದ ಮೇಲೆ ದಿಂಬು ತೆಗೆಯಿರಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೆಯ ದಿನ ಬೆಳಿಗ್ಗೆ ಮೊದಲಿಗಿಂತ ಜಾಸ್ತಿ ನೋವಿದ್ದರೆ ಲೆಕ್ಕ ಕಮ್ಮಿ ಮಾಡಿ, ಬಿಡಬೇಡಿ. ಆರು ವಾರ ಆಗುವ ತನಕ ಇದು ಪ್ರಯೋಜನ ಇಲ್ಲ ಅಂತ ತೀರ್ಮಾನಿಸಬೇಡಿ.

ನಡೆದರೆ ಇನ್ನೂ ಸವೆಯುವುದಿಲ್ಲವಾ?

ಇಲ್ಲ. ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಒತ್ತಿ ಬಿಟ್ಟಾಗ ಸ್ಪಂಜಿನ ಹಾಗೆ ಕೀಲಿನ ನೀರನ್ನು ಹೀರಿಕೊಂಡೇ ಅದು ಆಹಾರ ಪಡೆಯುತ್ತದೆ. ನಡೆಯದಿದ್ದರೆ ಅದಕ್ಕೆ ಊಟವೇ ಇಲ್ಲ. ದಿನಾ ಹವ್ಯಾಸಕ್ಕೆ ಓಡುವವರಲ್ಲಿ ಕೂಡ ಕೂತೇ ಇರುವವರಿಗಿಂತ ಸವೆತ ಕಮ್ಮಿ ಕಂಡಿದೆ.

ನೆಲದ ಮೇಲೆ ಕೂರಬಹುದಾ? ಇಂಡಿಯನ್ ಟಾಯ್ಲೆಟ್?

ಇದಕ್ಕೆ ಹತ್ತಿರದ ಒಳ್ಳೆಯ ಅಧ್ಯಯನ ಬೀಜಿಂಗ್‌ನದ್ದು, ಯಾಕೆಂದರೆ ಅಲ್ಲಿನವರೂ ನಮ್ಮ ಹಾಗೆ ಕುಕ್ಕರುಗಾಲಲ್ಲಿ ಕೂರುವವರು. ಇಪ್ಪತ್ತೈದರ ವಯಸ್ಸಿನಲ್ಲಿ ದಿನಾ ಗಂಟೆಗಟ್ಟಲೆ ಹಾಗೆ ಕೂರುತ್ತಿದ್ದವರಿಗೆ ಮುಂದೆ ಮಂಡಿ ಸವೆತ ಜಾಸ್ತಿ ಇತ್ತು. ನಮ್ಮಲ್ಲಿ ಬೆಂಗಳೂರೂ ಸೇರಿದಂತೆ ಹಲವು ಕಡೆ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 29 ಜನಕ್ಕೆ ಮಂಡಿ ಸವೆತ ಇತ್ತು. ಹೆಂಗಸರಿಗೇ ಜಾಸ್ತಿ. ನಾಟಿ, ಕಳೆ ಕೀಳುವುದು, ಬಟ್ಟೆ ಒಗೆಯುವುದು, ಎಲ್ಲವೂ ಕೂತೇ ಮಾಡುವ ಕೆಲಸ ಅಲ್ವಾ?

ಹಾಗಂತ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನೇ ಬಿಡಬೇಕಿಲ್ಲ. ಆರಾಮಾಗಿ ಕೂತು ಏಳಲು ಆಗುತ್ತಿದ್ದರೆ ಕೂರಿ. ಗಂಟೆಗಟ್ಟಲೆ ಕುಕ್ಕರುಗಾಲು ಬೇಡ. ಕಳೆ ಕೀಳುವಾಗ, ತರಕಾರಿ ಹೆಚ್ಚುವಾಗ ಒಂದು ಗಿಡ್ಡ ಮಣೆ ಇಟ್ಟುಕೊಳ್ಳಿ.

ತೂಕ ಇಳಿಸಿದರೆ ಎಷ್ಟು ಲಾಭ?

ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಸ್ಟೀಫನ್ ಮೆಸ್ಸಿಯರ್ ಅನ್ನುವವರ ತಂಡ ಇದನ್ನು ಅಳೆದು ತೋರಿಸಿತು. ಅವರೇ 454 ಜನರ ಮೇಲೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಊಟದ ಹಿಡಿತ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರಿಗೆ ನೋವು ಎಲ್ಲರಿಗಿಂತ ಕಮ್ಮಿ ಆಗಿತ್ತು. ತೂಕ ಇಳಿಸುವ ಸೆಮಾಗ್ಲುಟೈಡ್ ಸೂಜಿಯನ್ನೂ ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇರುವ 407 ಜನರ ಮೇಲೆ ನೋಡಿದ್ದಾರೆ. ಅದರಲ್ಲೂ ನೋವು ಚೆನ್ನಾಗಿ ಇಳಿಯಿತು. ಅದು 2024ರ ಫಲಿತಾಂಶ. ಡಾಕ್ಟರು ನೋಡಿಯೇ ಕೊಡಬೇಕಾದ ಔಷಧ ಅದು.

ಮಂಡಿ ಬದಲಿಸುವ ಆಪರೇಷನ್ ಬಗ್ಗೆ ಏನು ಹೇಳುತ್ತೀರಿ?

ಸರಿಯಾದವರಿಗೆ, ಸರಿಯಾದ ಸಮಯಕ್ಕೆ ಮಾಡಿದರೆ ಅದು ವರ. ಡೆನ್ಮಾರ್ಕ್‌ನಲ್ಲಿ 100 ಜನರ ಮೇಲೆ ಹೋಲಿಸಿ ನೋಡಿದಾಗ ಬರೀ ವ್ಯಾಯಾಮ, ಊಟ, ಮಾತ್ರೆಯವರಿಗಿಂತ ಆಪರೇಷನ್ ಸೇರಿಸಿದವರು ತುಂಬ ಚೆನ್ನಾಗಿದ್ದರು. ಆದರೆ ಗಂಭೀರ ತೊಂದರೆಗಳೂ ಅವರಲ್ಲೇ ಜಾಸ್ತಿ. ಆಪರೇಷನ್ ಇಲ್ಲದ ಗುಂಪಿನಲ್ಲಿ ಒಂದು ವರ್ಷದೊಳಗೆ ಆಪರೇಷನ್‌ಗೆ ಹೋದವರು ನಾಲ್ಕರಲ್ಲಿ ಒಬ್ಬರು ಮಾತ್ರ.

ಎಷ್ಟು ವರ್ಷ ಬಾಳಿಕೆ ಬರುತ್ತದೆ? ನೂರಕ್ಕೆ 82 ಮಂಡಿಗಳು 25 ವರ್ಷ ಬಾಳುತ್ತವೆ ಅಂತ 2019ರಲ್ಲಿ ಲಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುತ್ತದೆ. ಇನ್ನೊಂದು ಕಡೆ, ಐವರಲ್ಲಿ ಒಬ್ಬರಿಗೆ ಆಪರೇಷನ್ ಆದ ಮೇಲೂ ಪೂರ್ತಿ ತೃಪ್ತಿ ಇರುವುದಿಲ್ಲ. ಎರಡನ್ನೂ ತಿಳಿದು ನಿರ್ಧಾರ ಮಾಡಿ. ರಾತ್ರಿ ನಿದ್ದೆ ಕೆಡುವಷ್ಟು ನೋವು, ಮನೆಯಿಂದ ಹೊರಗೆ ಹೋಗಲಾಗದ ಸ್ಥಿತಿ, ಮೂರು ನಾಲ್ಕು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಗುಣ ಇಲ್ಲ ಅಂದರೆ ಹೆದರಬೇಡಿ, ಮಾಡಿಸಿಕೊಳ್ಳಿ. ಎಕ್ಸ್‌ರೇ ನೋಡಿ ಒಂದೇ ಭೇಟಿಯಲ್ಲಿ 'ನಾಳೆಯೇ ಅಡ್ಮಿಟ್ ಆಗಿ' ಅಂದರೆ ಇನ್ನೊಬ್ಬರನ್ನು ಕೇಳಿ. ಇದು ತುರ್ತು ಆಪರೇಷನ್ ಅಲ್ಲ.

ಬೆಲೆಯ ಬಗ್ಗೆ: ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಗೆ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಇದು ಮಂಡಿಯ ಬೆಲೆ ಮಾತ್ರ, ಆಸ್ಪತ್ರೆಯ ಬಿಲ್ಲು ಸೇರಿಲ್ಲ. ಬಿಲ್ಲಿನಲ್ಲಿ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆದುಕೊಡಿ ಅಂತ ಕೇಳಿ.

ಸಂಧಿವಾತ ಅಂದರೂ ಇದೇನಾ?

ಜನ ಎಲ್ಲ ಕೀಲುನೋವನ್ನೂ ವಾತ ಅನ್ನುತ್ತಾರೆ. ಆದರೆ ರುಮಟಾಯ್ಡ್ ಆರ್ಥ್ರೈಟಿಸ್ ಬೇರೆಯದೇ ಕಾಯಿಲೆ. ಅಲ್ಲಿ ದೇಹದ ರಕ್ಷಣಾ ಪಡೆಯೇ ಕೀಲಿನ ಮೇಲೆ ಬೀಳುತ್ತದೆ. ಎರಡೂ ಕೈಗಳ ಸಣ್ಣ ಗೆಣ್ಣುಗಳು ಊದುತ್ತವೆ. ಬೆಳಿಗ್ಗೆ ಎದ್ದರೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಕೈ ಮಡಚಲಾಗುವುದಿಲ್ಲ. ಮೂವತ್ತು ನಲವತ್ತರ ಹೆಂಗಸರಲ್ಲೂ ಬರುತ್ತದೆ.

ಇಲ್ಲಿ ಸಂಶೋಧನೆ ನಿಜವಾಗಿಯೂ ಬದುಕನ್ನೇ ಬದಲಿಸಿದೆ. 1980ರ ದಶಕದಲ್ಲಿ ಇದಕ್ಕೆ ಮೆಥೋಟ್ರೆಕ್ಸೇಟ್ ಅನ್ನುವ ಔಷಧ ಬಂತು. 1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ನಮ್ಮ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಅನ್ನುವವರು ಊತಕ್ಕೆ ಮೂಲವಾದ ಒಂದು ವಸ್ತುವನ್ನೇ ತಡೆಯುವ ಔಷಧವನ್ನು ಮೊದಲ ರೋಗಿಗಳಿಗೆ ಕೊಟ್ಟರು. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಮೆಥೋಟ್ರೆಕ್ಸೇಟ್ ಬರೆದುಕೊಟ್ಟರೆ ನೆನಪಿಡಿ, ಅದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಸಾಗರದ ಕಡೆಯವರು ಹಂದಿಗೋಡು ಕಾಯಿಲೆಯ ಬಗ್ಗೆಯೂ ಕೇಳುತ್ತಾರೆ. ಎಪ್ಪತ್ತರ ದಶಕದಲ್ಲಿ ಆ ಊರಿನಲ್ಲಿ ಮೊದಲು ಗಮನಕ್ಕೆ ಬಂದ ಅದು ವಂಶವಾಹಿಯಾಗಿ ಬರುವ ಬೇರೆ ಕಾಯಿಲೆ, ಸೊಂಟದ ಕೀಲನ್ನು ಜಾಸ್ತಿ ಹಾಳುಮಾಡುತ್ತದೆ. ಅದಕ್ಕೆ ಈ ಪುಟದ ಸಲಹೆಗಳು ಸಾಲವು.

ಯಾವಾಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು?

ಒಂದು ಮಂಡಿ ಮಾತ್ರ ಒಂದೆರಡು ದಿನದಲ್ಲಿ ಕೆಂಪಗಾಗಿ, ಬಿಸಿಯಾಗಿ, ಊದಿ, ಜ್ವರವೂ ಬಂದರೆ ಅವತ್ತೇ ಹೋಗಿ. ಕೀವಾಗಿರಬಹುದು, ಕೀಲು ಕೆಲವೇ ದಿನದಲ್ಲಿ ಹಾಳಾಗುತ್ತದೆ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಹೋಗಿ. ಮಂಡಿ ಸಿಕ್ಕಿಕೊಂಡು ನೀಡಲು ಬಾರದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಾ ರಾತ್ರಿ ಮೂಳೆ ನೋಯುತ್ತಿದ್ದರೆ ಹೋಗಿ. ಇವುಗಳಿಗೆ ಎಣ್ಣೆ ತಿಕ್ಕುತ್ತಾ, ಕುರ್ಚಿ ವ್ಯಾಯಾಮ ಮಾಡುತ್ತಾ ಕೂರಬೇಡಿ. ಹೋಗುವಾಗ ನೀವು ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.